ಹೊಸ್ತಿಲ ದೀಪ

ಮಂಗಳಗ್ರಹಕ್ಕೆ ಕೆಲಸಕ್ಕೆ ಹೋದವರ ಮನೆಬಾಗಿಲಲ್ಲಿ ಸರ್ಕಾರದ ದೀಪವಿರುತ್ತದೆ. ಅವರು ಬದುಕಿದ್ದರೆ ಅದು ತಪ್ಪದೆ ಉರಿಯುತ್ತದೆ. ಸತ್ತವರದ್ದೂ ಒಮ್ಮೊಮ್ಮೆ ಉರಿಯುತ್ತಿರುವುದುಂಟು.

"ದೀಪ ಉರೀತಿದೆ ಟೀಚರ್, ನಿಮ್ಮೆಜಮಾನ್ರು ಚೆನ್ನಾಗಿದಾರೆ ಬಿಡಿ," ಎಂದು ಪಕ್ಕದ ಮನೆಯ ಇಂದ್ರಮ್ಮ ದಿನವೂ ಹೇಳುವಳು.

ರೇಖಾಗಣಿತ ಕಲಿಸುವ ವನಮಾಲಾ ಒಪ್ಪುತ್ತಿರಲಿಲ್ಲ. "ಚೌಕದ ನಾಲ್ಕೂ ಬಾಹು ಸಮ. ಹಾಗಂತ ನಾಲ್ಕೂ ಸಮ ಇರೋದೆಲ್ಲ ಚೌಕ ಅಲ್ಲ, ಇಂದ್ರಮ್ಮ. ದೀಪಾನ ನಂಬಬೇಡಿ." ಹಾಗೆಂದರೂ ಸಂಜೆ ಅದರ ಗಾಜು ಒರೆಸುವುದನ್ನು ಬಿಟ್ಟವಳಲ್ಲ.

ಈ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದರೆ ದೀಪ ಆರಿತ್ತು. ಇಂದ್ರಮ್ಮ ಓಡಿ ಬಂದಳು. "ನೀವೇ ಹೇಳ್ತಿದ್ರಲ್ಲ ಟೀಚರ್, ದೀಪಾನ ನಂಬಬಾರದು ಅಂತ!"

ವನಮಾಲಾ ತಣ್ಣಗಾದ ಗಾಜನ್ನು ಸೆರಗಿನಿಂದ ಒರೆಸಿದಳು.

"ಬಾಹು ಸಮ ಇಲ್ದಿದ್ರೆ ಅದು ಚೌಕ ಅಲ್ಲವೇ ಅಲ್ಲ, ಇಂದ್ರಮ್ಮ. ನಾನು ನಂಬಬೇಡಿ ಅಂದಿದ್ದು ಉರಿಯೋ ದೀಪಾನ."