ಪೇಡ ಕಾಯುವ ಅಲಾರಂ

ಮಗಳು ಹೊಳಪು ಕಾಗದದ ಮೇಲೆ ಲೇಸರ್ ಪ್ರಿಂಟರ್‌ನಲ್ಲಿ ಸರ್ಕ್ಯೂಟಿನ ಗೆರೆಗಳನ್ನು ಅಚ್ಚು ಮಾಡಿ, ಅದನ್ನು ತಾಮ್ರದ ಹಲಗೆಯ ಮೇಲೆ ಬೋರಲು ಹಾಕಿದಳು.

"ಈಗ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟು ಒತ್ತಬೇಕಪ್ಪ. ಶಾಯಿ ಕರಗಿ ತಾಮ್ರಕ್ಕೆ ಅಂಟುತ್ತೆ. ಆಮೇಲೆ ಕಾಗದ ನೆನೆಸಿ ತೆಗೆದ್ರೆ ಗೆರೆ ಮಾತ್ರ ಉಳಿಯುತ್ತೆ."

"ಏನಕ್ಕೆ ಇದೆಲ್ಲ?"

"ಅಲಾರಂಗೆ. ಫ್ರಿಜ್ ಬಾಗಿಲು ತೆಗೆದ್ರೆ ಸಾಕು, ಕಿರುಚುತ್ತೆ. ದಿನಾ ಎರಡು ಪೇಡ ಮಾಯ ಆಗ್ತಿದೆ."

"ಇಲಿ ಇರ್ಬೇಕು ಕಣೇ."

"ಫ್ರಿಜ್ ತೆಗೆದು, ತಿಂದು, ಡಬ್ಬಿ ಮುಚ್ಚಳ ಹಾಕಿಟ್ಟು ಹೋಗೋ ಇಲಿನಾ?"

ಅಪ್ಪ ಗಂಟಲು ಸರಿಮಾಡಿಕೊಂಡರು. "ನನಗಂತೂ ಶುಗರ್ರು, ಮುಟ್ಟೋ ಹಾಗೇ ಇಲ್ಲ. ಹಾಗಿದ್ರೆ ನಿಮ್ಮಮ್ಮನೇ. ಕೊಡಿಲ್ಲಿ, ಮೂವತ್ತು ವರ್ಷದಿಂದ ನನ್ನ ಶರ್ಟು ನಾನೇ ಇಸ್ತ್ರಿ ಮಾಡ್ಕೊಂಡಿದೀನಿ. ನೀನು ದೂರ ನಿಂತ್ಕೊ, ಕೈ ಸುಟ್ಕೊಂಡೀಯ."

ಹತ್ತು ನಿಮಿಷ ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಹಲಗೆಯನ್ನು ತಾವೇ ಬಕೆಟ್ಟಿನ ನೀರಿಗೆ ಹಾಕಿದರು. ಮಗಳು ಕಾಗದ ಬಿಡಿಸಿದಳು. ತಾಮ್ರದ ಮೇಲೆ ಒಂದು ಗೆರೆಯೂ ಇರಲಿಲ್ಲ. ಎರಡನೇ ಸಲವೂ ಅಷ್ಟೇ, ಮೂರನೇ ಸಲವೂ ಅಷ್ಟೇ.

"ಕಾಗದಾನೇ ಸರಿಯಿಲ್ಲಮ್ಮ, ಬಿಟ್ಟಾಕು" ಎಂದು ಅಪ್ಪ ಹಣೆ ಒರೆಸಿಕೊಂಡು ಎದ್ದರು. "ಪೆಟ್ಟಿಗೆ ಮಾತ್ರ ಮುಟ್ಟಬೇಡ. ಕೆಂಡದ ಹಾಗೆ ಕಾದಿದೆ."

ಅವರು ಅತ್ತ ಹೋದ ಮೇಲೆ ಮಗಳು ಒದ್ದೆ ಬೆರಳಿನಿಂದ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಒಂದು ಹನಿ ನೀರು ಚಿಮುಕಿಸಿದಳು. ಅದು ಚುಂಯ್ ಎನ್ನಲೇ ಇಲ್ಲ. ಪೆಟ್ಟಿಗೆ ಫ್ರಿಜ್ಜಿನೊಳಗಿನ ಪೇಡದಷ್ಟೇ ತಣ್ಣಗಿತ್ತು.