ಬುರುಡೆ ತೋರಿಸಿದ ಕೈ

ಹೆಬ್ಬೆರಳಿನ ಉಗುರಿನ ಸಂದಿಯ ಕೆಂಪು, ಬೆಳಿಗ್ಗೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಕಸ್ಯೋಕಾ ಹೊದ್ದ ಕಾಂಗಾ ಬಟ್ಟೆಯೊಳಗೆ ಕೈ ಮುಚ್ಚಿಕೊಂಡು ಕೂತಳು.

ಎದುರಿಗೆ ಕಣಿ ಹೇಳುವ ಮುದುಕ ಮುಥುಯಿ. ಅವನ ತೊಡೆಯ ಮೇಲೆ ಸೋರೆಬುರುಡೆ, ಅದರೊಳಗೆ ಬೀಜ, ಬೆಣಚುಕಲ್ಲು. ಅವಳ ಪಕ್ಕದಲ್ಲಿ ಗಂಡ ಮುನ್ಯೋಕಿ, ಹಿಂದೆ ಅತ್ತೆ ಸ್ಯೊಂಬುವಾ.

"ಎರಡು ತಿಂಗಳಿಂದ ಇವನ ಉಚ್ಚೆ ರಕ್ತದ ಹಾಗೆ ಕೆಂಪಗೆ ಬರ್ತಿದೆ, ಅಜ್ಜಾ. ಯಾರೋ ಮಾಟ ಮಾಡಿಸಿದ್ದಾರೆ. ಯಾರು ಅಂತ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ." ಅತ್ತೆಯ ಮಾತು ಮುದುಕನಿಗೆ, ಕಣ್ಣು ಸೊಸೆಯ ಮೇಲೆ.

ಎರಡು ತಿಂಗಳು. ದಿನಾ ಉಳಿದವರು ಏಳುವ ಮುಂಚೆ ಎರಡು ಕಲ್ಲುಗಳ ನಡುವೆ ಅರೆದು, ಹುಳಿ ಬಂದ ಸಜ್ಜೆಗಂಜಿಯಲ್ಲಿ ಕದಡುತ್ತಿದ್ದಳು. ಹುಳಿಯಲ್ಲಿ ಕಹಿ ಅಡಗಿಹೋಗುತ್ತಿತ್ತು. ಇನ್ನು ನಾಲ್ಕೇ ತಿಂಗಳು. ಆಮೇಲೆ ಎಲ್ಲ ಮುಗಿಯುತ್ತಿತ್ತು.

"ಹೋದ ಸಲ ನಿನ್ನ ಹೊತ್ಕೊಂಡು ತಂದಿದ್ರಲ್ಲ. ಇವತ್ತು?" ಮುಥುಯಿ ಕೇಳಿದ.

"ನಡ್ಕೊಂಡೇ ಬಂದೆ," ಎಂದ ಮುನ್ಯೋಕಿ.

"ಪೇಟೆ ಆಸ್ಪತ್ರೆಯವರು ಏನಂದ್ರು?"

"ಅವರ ಮಾತು ಯಾರಿಗೆ ಬೇಕು? ಕೊಟ್ಟಿದ್ದನ್ನ ದಾರೀಲೇ ಎಸೆದು ಬಂದೆ. ನಮ್ಮಣ್ಣ ಸತ್ತಿದ್ದು ಅಲ್ಲೇ."

"ಹೊಟ್ಟೆಗೆ?"

"ಇವಳು ಮಾಡೋ ಗಂಜಿ ಒಂದೇ."

"ನಾನು ಹೇಳ್ತಿರೋದೂ ಅದೇ!" ಅತ್ತೆ ಕಿರುಚಿದಳು.

ಬುರುಡೆ ಗಲಗಲ ಅಲುಗಿತು. ಬೀಜಗಳು ನೆಲಕ್ಕೆ ಹಾಸಿದ್ದ ತೊಗಲಿನ ಮೇಲೆ ಚೆಲ್ಲಿದವು. ಮುದುಕ ಎಣಿಸಿದ, ಮತ್ತೆ ಎಣಿಸಿದ. ಒಂದು ಬೀಜ ಕಸ್ಯೋಕಾಳ ಕಡೆ ಉರುಳಿತು. ಯೋಚಿಸದೆ ಎತ್ತಿಕೊಟ್ಟಳು. ಅವನು ಬೀಜ ನೋಡಲಿಲ್ಲ, ಉಗುರು ನೋಡಿದ.

"ಕೈ ನಿಮ್ಮ ಒಲೆ ಮುಂದೇನೇ ಇದೆ."

ಅತ್ತೆ ದಡಕ್ಕನೆ ಎದ್ದಳು. ಕಸ್ಯೋಕಾ ಕೈಯನ್ನು ಮತ್ತೆ ಕಾಂಗಾದೊಳಗೆ ಎಳೆದುಕೊಂಡಳು.

"ಕೂತ್ಕೋ ಸ್ಯೊಂಬುವಾ. ಒಳಗಿರೋ ಕೇಡು ಕೆಂಪಾಗಿ ಹೊರಗೆ ಹೋಗ್ತಿದೆ. ಇನ್ನು ನಾಲ್ಕು ತಿಂಗಳು ಇವನ ಗಂಜಿ ಪಾತ್ರೆನ ಇವಳು ಬಿಟ್ಟು ಯಾರೂ ಮುಟ್ಟಕೂಡದು. ನೀನಂತೂ ಆ ಕಡೆ ಸುಳೀಲೇಬೇಡ. ನಿನ್ನ ಗಂಜಿ ಕುಡಿದೇ ಅಲ್ವಾ ನಿನ್ನ ಗಂಡ ಮೊಂಬಾಸಾಗೆ ಓಡಿಹೋಗಿದ್ದು?"

ಮುನ್ಯೋಕಿ ನಕ್ಕ. ಕಸ್ಯೋಕಾ ನಗಲಿಲ್ಲ. ನಾಲ್ಕು ಎಂಬ ಲೆಕ್ಕವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮುದುಕ ತಾನು ಔಷಧಿ ತುಂಬಿಡುವ ಕೊಂಬನ್ನು ಅವಳ ಕೈಗಿಟ್ಟ. "ಒಬ್ಬಳೇ ಇದ್ದಾಗ ಬಿರಡೆ ತೆಗಿ, ಮಗಳೇ."

ಮನೆಯ ಹಿಂದೆ ನಿಂತು ತೆಗೆದಳು. ಒಳಗೆ ಬೇರಿಲ್ಲ, ಪುಡಿಯಿಲ್ಲ. ಸುರುಳಿ ಸುತ್ತಿದ ಒಂದು ಹಳೆಯ ಕಾರ್ಡು.

ಉಚ್ಚೆಯನ್ನೂ ಕೆಂಪಾಗಿಸುವ ಕ್ಷಯದ ಕೆಂಪು ಗುಳಿಗೆಗಾಗಿ ತಿಂಗಳು ತಿಂಗಳು ಆಸ್ಪತ್ರೆಗೆ ಒಯ್ದು, ಸಜ್ಜೆ ಗಡಿಗೆಯಡಿ ಅವಳು ಬಚ್ಚಿಡುತ್ತಿದ್ದ ಗಂಡನ ಕಾರ್ಡಿನಂಥದೇ; ಇದರಲ್ಲಿ ಮಾತ್ರ ಆರೂ ತಿಂಗಳಿಗೆ ಗುರುತು ಬಿದ್ದಿತ್ತು, ಮೇಲೆ ಮುಥುಯಿಯ ಹೆಸರಿತ್ತು.