ತಾಯಿಯ ಉದ್ಯೋಗ

ಜರ್ಮನಿಯ ಯೂನಿವರ್ಸಿಟಿಗೆ ಲತಾಮಣಿ ಬರೆದ ಅರ್ಜಿಯನ್ನು ಓದುತ್ತಿದ್ದ ಜಯನಗರದ ಕನ್ಸಲ್ಟೆನ್ಸಿ ಮೇಡಂ ಒಂದು ಸಾಲಿನ ಮೇಲೆ ಪೆನ್ನಿಟ್ಟರು. "ತಾಯಿ ಪೌರಕಾರ್ಮಿಕರು ಅನ್ನೋದು ಬೇಡಮ್ಮ. ಹೌಸ್‌ವೈಫ್ ಅಂತ ಹಾಕು, ಡೀಸೆಂಟಾಗಿರುತ್ತೆ."

ಕಸ ನಿರ್ವಹಣೆಯನ್ನೇ ಓದಲು ಹೊರಟಿದ್ದ ಲತಾಮಣಿ, ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ನೋಡಲಾಗದೆ ತಲೆ ತಗ್ಗಿಸಿ "ಸರಿ ಮೇಡಂ" ಎಂದಳು.

"ಏನ್ ಸರಿ?" ನಾಗಲಕ್ಷ್ಮಮ್ಮ ಮಗಳನ್ನು ಕೇಳಿದರು. "ಹಸಿ ಕಸ, ಒಣ ಕಸ ಬೇರೆ ಮಾಡೋದು ನಿಂಗೆ ಕಲಿಸಿದ್ದು ಯಾರು? ಹದಿನೆಂಟು ವರ್ಷ ಸುದ್ದಗುಂಟೆಪಾಳ್ಯದ ಬೀದಿ ಗುಡಿಸಿದೀನಿ. ಮನೇಲೇ ಇದ್ಲು ಅಂತ ಬರೀತೀಯಾ?"

ಮೇಡಂ ಪೆನ್ನು ಎತ್ತಿದರು. ಅವರ ಮುಖ ಕೆಂಪಾಗಿತ್ತು. "ಸಾರಿ ಅಕ್ಕ. ಎಷ್ಟು ವರ್ಷ ಅಂದ್ರಿ?"

"ಹದಿನೆಂಟು, ಮೇಡಂ." ಅಮ್ಮನಿಗಿಂತ ಮೊದಲೇ ಲತಾಮಣಿ ತಲೆಯೆತ್ತಿ ಹೇಳಿದಳು. "ಅದನ್ನೂ ಬರೀತೀನಿ. ಮೊದಲನೇ ಸಾಲಲ್ಲೇ."